ಸಾವಿಗೆ ಅಂಜಿದವನ ಸಾಮ್ರಾಜ್ಯ



ಚರಿತ್ರೆಯನ್ನು ಓದುವಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಒಬ್ಬ ಕ್ರೂರ ಅಧಿಪತಿ ಹುಟ್ಟಿಕೊಂಡದ್ದು ಹೇಗೆ? ಅವನು ಬೆಳೆಯುತ್ತಿದ್ದಾಗ ಸುತ್ತಲಿನವರು ಏನು ಮಾಡುತ್ತಿದ್ದರು? ಕೊನೆಗೆ ಅವನನ್ನು ಕೆಡವಿದ್ದು ಯಾವುದು? ಮೊದಲನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಬೇಕಾದಷ್ಟು ಉತ್ತರ ದೊರೆಯುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕಹೊರಟವನು ತನ್ನ ಮನೆಯ ಕಡೆಗೂ ಒಮ್ಮೆ ತಿರುಗಿ ನೋಡಬೇಕಾಗುತ್ತದೆ. ಆದ್ದರಿಂದಲೇ ಅದನ್ನು ಕೇಳುವವರು ವಿರಳ.

ಈ ಮೂರು ಪ್ರಶ್ನೆಗಳನ್ನು ಕಲ್ಪನಾಲೋಕದ ಒಬ್ಬ ಖಳನಾಯಕನ ಮುಂದಿಟ್ಟು ನೋಡೋಣ. ಅವನು ನಿಮ್ಮ ಮಕ್ಕಳಿಗೆ ಚೆನ್ನಾಗಿ ಪರಿಚಿತ. ಹ್ಯಾರಿ ಪಾಟರ್ ಕಥಾಮಾಲೆಯ ಕರಾಳ ಮಾಂತ್ರಿಕನಾದ ಆತನ ಹೆಸರು ವೋಲ್ಡೆಮಾರ್ಟ್. ಬ್ರಿಟನ್ನಿನ ಲೇಖಕಿ ಜೆ. ಕೆ. ರೌಲಿಂಗ್ ಅವರ ಈ ಮಾಲೆಯ ಮೊದಲ ಪುಸ್ತಕ 1997ರ ಜೂನ್ 26ರಂದು, ಏಳನೆಯದೂ ಕೊನೆಯದೂ ಆದ ಪುಸ್ತಕ 2007ರ ಜುಲೈ 21ರಂದು ಹೊರಬಂದವು. ಮಂತ್ರವಿದ್ಯೆಯ ಕಥೆ ಮಕ್ಕಳಿಗೆ ಸಲ್ಲದೆಂದು ಹಲವು ಕ್ರೈಸ್ತ ಪಾಲಕರು ಆತಂಕಗೊಂಡರು. ಅಮೆರಿಕದ ಗ್ರಂಥಾಲಯ ಸಂಘದ ಪಟ್ಟಿಯಂತೆ 2000ದಿಂದ 2009ರವರೆಗಿನ ದಶಕದಲ್ಲಿ ಆ ದೇಶದಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದುದು ಇದೇ ಮಾಲೆ. ವ್ಯಾಟಿಕನ್ನಿನ ದಿನಪತ್ರಿಕೆ 'ಲೊಸ್ಸೆರ್ವಾತೋರೆ ರೊಮಾನೊ' 2008ರ ಜನವರಿಯಲ್ಲಿ ಈ ಮಾಲೆಯ ಪರವಾಗಿ ಒಂದು, ವಿರೋಧವಾಗಿ ಒಂದು ಲೇಖನವನ್ನು ಜೊತೆಯಲ್ಲೇ ಪ್ರಕಟಿಸಿ, ತೀರ್ಮಾನವನ್ನು ಓದುಗರ ವಿವೇಚನೆಗೆ ಬಿಟ್ಟಿತು. ಆ ಚರ್ಚೆಯನ್ನು ಮತ್ತೆ ಕೆದಕುವುದು ಇಲ್ಲಿಯ ಉದ್ದೇಶವಲ್ಲ. ಪುಸ್ತಕ ಮನೆಯೊಳಗೆ ಬಂದಿರುವಾಗ ಅದರೊಳಗಿನ ಚರಿತ್ರೆಯನ್ನು ಹಿರಿಯರೂ ಅರಿತಿರುವುದು ಲೇಸು.

ಕಪಾಟಿನೊಳಗಿನ ಪೆಟ್ಟಿಗೆ

ಕಥೆಯ ಪ್ರಕಾರ ಅವನ ನಿಜನಾಮ ಟಾಮ್ ಮಾರ್ವೊಲೊ ರಿಡಲ್. 1926ರ ಡಿಸೆಂಬರ್ 31ರ ರಾತ್ರಿ ಲಂಡನ್ನಿನ ಒಂದು ಅನಾಥಾಲಯದಲ್ಲಿ ಅವನ ಜನನವಾಯಿತು. ಹೆತ್ತ ತಾಯಿ ಮಗುವಿಗೆ ಹೆಸರಿಟ್ಟು ಒಂದು ಗಂಟೆಯೊಳಗೆ ಕಣ್ಣುಮುಚ್ಚಿದಳು. ಆಕೆ ಹಳೆಯ ಮಾಂತ್ರಿಕ ವಂಶವೊಂದರ ಬಡ ಹೆಣ್ಣುಮಗಳು. ತಂದೆ ಮಂತ್ರವನ್ನರಿಯದ ಸಾಮಾನ್ಯ ಮನುಷ್ಯ, ಊರಿನ ಸಿರಿವಂತರ ಮಗ. ಹೆಂಡತಿ ಬಸುರಿಯಾಗಿದ್ದಾಗಲೇ ಅವಳನ್ನು ತೊರೆದು ಹೋದವನು.

1938ರಲ್ಲಿ ಹಾಗ್ವರ್ಟ್ಸ್ ಎಂಬ ಮಾಂತ್ರಿಕ ವಿದ್ಯಾಲಯದ ಉಪಾಧ್ಯಾಯರಾದ ಡಂಬಲ್‌ಡೋರ್ ಹುಡುಗನನ್ನು ಕರೆದೊಯ್ಯಲು ಬರುತ್ತಾರೆ. ಹನ್ನೊಂದರ ಹರೆಯದ ಆ ಬಾಲಕನ ಕಪಾಟಿನಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಆಟದ ಸಾಮಾನು, ಹೊಲಿಗೆಯವರ ಬೆರಳುಟೋಪಿ, ಬಾಯಲ್ಲಿ ನುಡಿಸುವ ಪುಟ್ಟ ವಾದ್ಯ. ಎಲ್ಲವೂ ಜೊತೆಯ ಮಕ್ಕಳಿಂದ ಕಿತ್ತುಕೊಂಡವು. ಬೆಲೆಬಾಳುವ ಒಂದು ವಸ್ತುವೂ ಅಲ್ಲಿಲ್ಲ. ತಾನು ನೋಯಿಸಿದವರ ನೆನಪಿಗಾಗಿ ಅವನು ಅವನ್ನು ಜೋಪಾನ ಮಾಡಿದ್ದಾನೆ. ತನ್ನ ಹೆಸರೂ ಅವನಿಗೆ ಇಷ್ಟವಿಲ್ಲ. ಟಾಮ್ ಎಂಬವರು ಬೀದಿಗೊಬ್ಬರಿದ್ದಾರೆ ಎಂಬುದು ಅದಕ್ಕೆ ಕಾರಣ. ತಾಯಿಗೆ ಮಂತ್ರವಿದ್ಯೆ ತಿಳಿದಿರಲಿಲ್ಲವೆಂದೇ ಅವನ ನಂಬಿಕೆ. ತಿಳಿದಿದ್ದರೆ ಆಕೆ ಸಾಯುತ್ತಿರಲಿಲ್ಲ ಎಂಬುದು ಅವನ ವಾದ. ಸಾವೆಂಬುದು ದುರ್ಬಲರಿಗೆ ಬರುವ ಅವಮಾನ ಎಂಬ ತಪ್ಪು ಲೆಕ್ಕ ಅಷ್ಟು ಎಳೆಯ ಪ್ರಾಯದಲ್ಲೇ ಅವನ ಮನಸ್ಸಿನಲ್ಲಿ ಬೇರುಬಿಟ್ಟಿತ್ತು.

ಅನಾಥತನವೇ ಅವನನ್ನು ಕೆಡಿಸಿತೆಂದು ಹೇಳಿಬಿಡುವುದು ಸುಲಭ. ಆದರೆ ಕಥಾನಾಯಕ ಹ್ಯಾರಿಯೂ ಅನಾಥನೇ. ಒಂದು ವರ್ಷ ಮೂರು ತಿಂಗಳ ಕೂಸಾಗಿದ್ದಾಗ ತಂದೆತಾಯಿಯನ್ನು ಕಳೆದುಕೊಂಡು, ಹತ್ತು ವರ್ಷ ದೊಡ್ಡಮ್ಮನ ಮನೆಯ ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ಮಲಗಿ ಬೆಳೆದವನು. ಒಂದೇ ಬಗೆಯ ಗಾಯ ಒಬ್ಬನಲ್ಲಿ ದ್ವೇಷವಾಯಿತು, ಇನ್ನೊಬ್ಬನಲ್ಲಿ ನೊಂದವರ ಬಗ್ಗೆ ಮರುಕವಾಯಿತು. ಪರಿಸ್ಥಿತಿ ಮನುಷ್ಯನನ್ನು ಬಾಗಿಸುತ್ತದೆ, ನಿಜ. ಬಾಗಿದ ಮೇಲೆ ಯಾವ ಕಡೆಗೆ ಬೆಳೆಯಬೇಕೆಂಬ ಆಯ್ಕೆಯನ್ನು ಅದು ಕಸಿದುಕೊಳ್ಳುವುದಿಲ್ಲ.

ಮೂರು ಅಪರಾಧ, ಮೂವರು ನಿರಪರಾಧಿಗಳು

ಶಾಲೆಯಲ್ಲಿ ರಿಡಲ್ ಮೇಧಾವಿ, ರೂಪವಂತ, ವಿನಯಶೀಲ. ಗುರುಗಳ ಕಣ್ಮಣಿ. 1943ರಲ್ಲಿ ಅವನು ಶಾಲೆಯ ನೆಲದಡಿಯ ರಹಸ್ಯ ಕೋಣೆಯನ್ನು ತೆರೆದು ಅದರೊಳಗಿನ ಸರ್ಪವನ್ನು ಹೊರಬಿಟ್ಟಾಗ ಒಬ್ಬ ವಿದ್ಯಾರ್ಥಿನಿ ಪ್ರಾಣ ಕಳೆದುಕೊಂಡಳು. ಅಪರಾಧಿಯೆಂದು ಹೊರದೂಡಲ್ಪಟ್ಟವನು ಹ್ಯಾಗ್ರಿಡ್. ದೈತ್ಯ ಸ್ತ್ರೀಯೊಬ್ಬಳ ಮಗ, ಒರಟು ಮೈಕಟ್ಟಿನ ಮುಗ್ಧ ಬಾಲಕ. ಅದೇ ವರ್ಷ ಬೇಸಿಗೆಯಲ್ಲಿ ರಿಡಲ್ ತನ್ನ ತಂದೆಯನ್ನೂ ಅಜ್ಜ ಅಜ್ಜಿಯರನ್ನೂ ಕೊಂದ. ಸೆರೆಗೆ ಹೋದವನು ಅವನ ಸೋದರಮಾವ. ಊರವರ ಕಣ್ಣಿಗೆ ಮೊದಲೇ ಕೆಟ್ಟವನಾಗಿದ್ದ ಹರಕು ಬಟ್ಟೆಯ ಬಡವ. ಶಾಲೆ ಮುಗಿದ ಮೇಲೆ ಹಳೆಯ ವಸ್ತುಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಒಬ್ಬ ಶ್ರೀಮಂತ ವೃದ್ಧೆಗೆ ವಿಷವಿಕ್ಕಿ, ಆಕೆಯ ಪೂರ್ವಜರ ಬಟ್ಟಲನ್ನೂ ಒಂದು ಪದಕವನ್ನೂ ಕದ್ದ. ತಪ್ಪಿತಸ್ಥಳೆಂದು ತೀರ್ಮಾನವಾದವಳು ಆ ಮನೆಯ ಮುದಿ ಸೇವಕಿ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೂರು ಬಾರಿಯೂ ವಿಚಾರಣೆ ಬೇಗ ಮುಗಿಯಿತು. ಮೂರು ಬಾರಿಯೂ ಎಲ್ಲರೂ ಮೊದಲೇ ಶಂಕಿಸಲು ಸಿದ್ಧರಾಗಿದ್ದ ಒಬ್ಬ ಕೀಳು ಸ್ಥಿತಿಯವರ ಮೇಲೆ ಆರೋಪ ಸಲೀಸಾಗಿ ಕುಳಿತುಕೊಂಡಿತು. ಅಂದವಾಗಿ ಬಾಚಿದ ತಲೆಯ, ಮೆಲುಮಾತಿನ ಹುಡುಗನ ಕಡೆಗೆ ಯಾರ ದೃಷ್ಟಿಯೂ ಹರಿಯಲಿಲ್ಲ. ಶಂಕಿಸಿದ ಡಂಬಲ್‌ಡೋರ್ ಅವರಿಗೂ ರುಜುವಾತು ದೊರೆಯಲಿಲ್ಲ. ವೋಲ್ಡೆಮಾರ್ಟ್‌ನ ಮೊದಲ ಬಲ ಅವನ ಮಂತ್ರದಂಡದಲ್ಲಿರಲಿಲ್ಲ, ಆ ಸಮಾಜದ ಪೂರ್ವಗ್ರಹದಲ್ಲಿತ್ತು.

ಗಿಳಿಯಲ್ಲಿಟ್ಟ ಪ್ರಾಣ

ಏಳು ಸಮುದ್ರಗಳಾಚೆಯ ಗಿಳಿಯೊಂದರಲ್ಲಿ ತನ್ನ ಪ್ರಾಣವನ್ನು ಬಚ್ಚಿಟ್ಟ ರಾಕ್ಷಸನ ಕಥೆಯನ್ನು ನಮ್ಮ ಅಜ್ಜಿಯರ ಬಾಯಿಂದ ಕೇಳದವರು ಯಾರು? ರಷ್ಯಾದ ಜನಪದ ಕಥೆಯ 'ಅಮರ ಕೊಶ್ಚೆಯ್' ಕೂಡ ತನ್ನ ಸಾವನ್ನು ಸೂಜಿಯ ಮೊನೆಯಲ್ಲಿಟ್ಟು, ಸೂಜಿಯನ್ನು ಮೊಟ್ಟೆಯಲ್ಲಿ, ಮೊಟ್ಟೆಯನ್ನು ಬಾತುಕೋಳಿಯಲ್ಲಿ, ಬಾತುಕೋಳಿಯನ್ನು ಮೊಲದಲ್ಲಿ ಅಡಗಿಸಿದವನು. ಹಲವು ದೇಶಗಳಲ್ಲಿ ಹರಡಿರುವ ಈ ಪುರಾತನ ಕಥಾಬೀಜವನ್ನೇ ನೆನಪಿಸುವಂತಹ ಒಂದು ಉಪಾಯ ರೌಲಿಂಗ್ ಅವರ ಕಥೆಯಲ್ಲೂ ಇದೆ. ಅವರು ಅದಕ್ಕೆ ಹೊಸದೊಂದು ಷರತ್ತನ್ನು ಸೇರಿಸಿದರು: ಪ್ರಾಣವನ್ನು ಹೊರಗೆ ಬಚ್ಚಿಡಬೇಕಾದರೆ ಮೊದಲು ಆತ್ಮವನ್ನು ಸೀಳಬೇಕು, ಆತ್ಮವನ್ನು ಸೀಳುವ ಕತ್ತಿ ಕೊಲೆ. ಹೀಗೆ ಸೀಳಿದ ಆತ್ಮದ ತುಣುಕನ್ನು ಹೊತ್ತ ವಸ್ತುವಿಗೆ 'ಹಾರ್‌ಕ್ರಕ್ಸ್' ಎಂದು ಹೆಸರು.

ರಿಡಲ್ ತನ್ನ ದಿನಚರಿ, ಅಜ್ಜನ ಉಂಗುರ, ಪದಕ, ಬಟ್ಟಲು, ಕಿರೀಟ, ಸಾಕಿದ ಹಾವು ಹೀಗೆ ಒಂದೊಂದರಲ್ಲೂ ಆತ್ಮದ ತುಣುಕೊಂದನ್ನು ಹುದುಗಿಸಿದ. ಅರಿವಿಲ್ಲದೆ ಇನ್ನೊಂದು ಹ್ಯಾರಿಯಲ್ಲಿ ಉಳಿಯಿತು. ಪ್ರತಿ ಸಲವೂ ಅವನ ಮುಖದ ಮಾನುಷ ಲಕ್ಷಣಗಳು ಅಳಿಯುತ್ತಾ ಬಂದು, ಕೊನೆಗೆ ಹಾವಿನಂತಹ ಸೀಳುಮೂಗು, ಕೆಂಪು ಕಣ್ಣುಗಳು ಉಳಿದವು. ಸಾಯದೇ ಇರಲು ಹೊರಟವನು ಬದುಕುವುದನ್ನೇ ನಿಲ್ಲಿಸಿಬಿಟ್ಟಿದ್ದ.

ಈ ಭಯದ ಚಿತ್ರಣದ ಹಿಂದೆ ಲೇಖಕಿಯ ಸ್ವಂತ ದುಃಖವೂ ಇದೆ. 1990ರಲ್ಲಿ ರೈಲುಪ್ರಯಾಣವೊಂದರಲ್ಲಿ ಹ್ಯಾರಿಯ ಕಥೆ ಅವರಿಗೆ ಹೊಳೆದ ಕೆಲವೇ ತಿಂಗಳಲ್ಲಿ, ಆ ಡಿಸೆಂಬರಿನಲ್ಲಿ, ಅವರ ತಾಯಿ ದೀರ್ಘಕಾಲದ ನರರೋಗದಿಂದ 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈ ಪುಸ್ತಕಗಳು ಬಹುಮಟ್ಟಿಗೆ ಸಾವನ್ನು ಕುರಿತವೆಂದು ರೌಲಿಂಗ್ ಅವರೇ ಹೇಳಿದ್ದಾರೆ.

ಹೆಸರೆತ್ತದ ಜನ

1970ರ ಸುಮಾರಿಗೆ ವೋಲ್ಡೆಮಾರ್ಟ್ 'ಮೃತ್ಯುಭಕ್ಷಕರು' ಎಂಬ ಅನುಯಾಯಿಗಳೊಡನೆ ಬಹಿರಂಗ ಯುದ್ಧಕ್ಕಿಳಿದ. ಶುದ್ಧ ಮಾಂತ್ರಿಕ ರಕ್ತದವರೇ ಆಳಬೇಕೆಂಬುದು ಅವರ ಘೋಷಣೆ. ಘೋಷಿಸಿದವನ ತಂದೆ ಮಾಂತ್ರಿಕನಾಗಿರಲಿಲ್ಲ ಎಂಬುದನ್ನು ಅವನು ಮರೆಸಿದ್ದ. ಜನ ಎಷ್ಟು ಹೆದರಿದರೆಂದರೆ ಅವನ ಹೆಸರನ್ನೇ ಆಡದಾದರು. ನಮ್ಮ ಹಳ್ಳಿಗಳಲ್ಲಿ ರಾತ್ರಿಯ ಹೊತ್ತು ಹಾವೆನ್ನದೆ ಹುಳವೆನ್ನುವಂತೆ, 'ಹೆಸರು ಹೇಳಬಾರದವನು' ಎಂದರು. ಹೆಸರಿಸದ ಕೇಡನ್ನು ಎದುರಿಸುವುದಾದರೂ ಹೇಗೆ? ಡಂಬಲ್‌ಡೋರ್ ಮತ್ತು ಅವರ ಕೆಲವು ಸಂಗಡಿಗರು ಮಾತ್ರ ಅವನ ಹೆಸರನ್ನು ಉಚ್ಚರಿಸುತ್ತಿದ್ದರು.

ಭಯ ಒಳ್ಳೆಯ ಪಕ್ಷವನ್ನೂ ಕೆಡಿಸಿತು. ಮಾಂತ್ರಿಕರ ಸರ್ಕಾರದ ಒಬ್ಬ ಅಧಿಕಾರಿ ಶಂಕಿತರ ಮೇಲೆ ಕ್ರೂರ ಮಂತ್ರಗಳನ್ನು ಬಳಸಲು ಅನುಮತಿಯಿತ್ತ. ಕೆಲವರನ್ನು ವಿಚಾರಣೆಯಿಲ್ಲದೆ ಸೆರೆಗೆ ತಳ್ಳಿದ. ಸಿರಿಯಸ್ ಬ್ಲ್ಯಾಕ್ ಎಂಬ ನಿರಪರಾಧಿ ಹೀಗೆ ಹನ್ನೆರಡು ವರ್ಷ ಕತ್ತಲಲ್ಲಿ ಕೊಳೆತ. ಅವನ ಮೇಲೆ ಹೊರಿಸಲಾದ ವಿಶ್ವಾಸದ್ರೋಹವನ್ನು ಮಾಡಿದವನು ಬೇರೊಬ್ಬ ಗೆಳೆಯ.

ಆ ದ್ರೋಹದಿಂದಲೇ 1981ರ ಅಕ್ಟೋಬರ್ 31ರ ರಾತ್ರಿ ವೋಲ್ಡೆಮಾರ್ಟ್ ಹ್ಯಾರಿಯ ಮನೆಯನ್ನು ಹೊಕ್ಕ. ತನ್ನನ್ನು ಸೋಲಿಸಬಲ್ಲ ಶಿಶುವೊಂದು ಹುಟ್ಟಲಿದೆ ಎಂಬ ಭವಿಷ್ಯವಾಣಿಗೆ ಅಂಜಿ, ಕೂಸನ್ನು ಕೊಲ್ಲಲು ಬಂದಿದ್ದ. ಹೆರೋದನ ನೆನಪು ಯಾರಿಗೆ ಬಾರದು? ತಂದೆಯನ್ನು ಕೊಂದು, ತಾಯಿ ಲಿಲಿಗೆ ಪಕ್ಕಕ್ಕೆ ಸರಿಯಲು ಅವಕಾಶವಿತ್ತ. ಆಕೆ ಸರಿಯಲಿಲ್ಲ. ಮಗುವಿನ ಬದಲು ತನ್ನ ಜೀವವನ್ನು ಒಡ್ಡಿದಳು. ಆ ತ್ಯಾಗವೇ ಮಗುವಿಗೆ ಕವಚವಾಗಿ, ಕೊಲ್ಲುವ ಮಂತ್ರ ಹೊಡೆದವನಿಗೇ ತಿರುಗಿ ಬಡಿಯಿತು. ದೇಹ ಕಳೆದುಕೊಂಡ ಮಾಂತ್ರಿಕ ಆಲ್ಬೇನಿಯಾದ ಕಾಡುಗಳಲ್ಲಿ ನೆರಳಿನಂತೆ ಅಲೆದ.

ನಂಬಲೊಲ್ಲದ ಸರ್ಕಾರ

ಹದಿಮೂರು ವರ್ಷಗಳ ಮೇಲೆ, 1995ರ ಜೂನ್ ತಿಂಗಳಲ್ಲಿ ಅವನು ಮತ್ತೆ ದೇಹ ಧರಿಸಿದ. ಅದನ್ನು ಕಣ್ಣಾರೆ ಕಂಡ ಹ್ಯಾರಿ ಸಾಕ್ಷಿ ನುಡಿದ. ಸಚಿವ ಫಡ್ಜ್ ಕೆಟ್ಟವನಲ್ಲ, ನೆಮ್ಮದಿಪ್ರಿಯ. ಸತ್ಯವನ್ನು ಒಪ್ಪಿದರೆ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಒಪ್ಪದಿದ್ದರೆ ಕುರ್ಚಿ ಹಾಗೆಯೇ ಇರುತ್ತದೆ. ಒಂದು ವರ್ಷ ಕಾಲ ಸರ್ಕಾರ ನಿರಾಕರಿಸಿತು, ಪತ್ರಿಕೆ ಹುಡುಗನನ್ನು ಗೇಲಿ ಮಾಡಿತು. ಶಾಲೆಗೆ ಸರ್ಕಾರವೇ ಕಳುಹಿಸಿದ ಶಿಕ್ಷಕಿಯೊಬ್ಬಳು, ತಾನು ಸುಳ್ಳು ಹೇಳಬಾರದೆಂದು ಅವನ ಕೈಯಿಂದ, ಅವನದೇ ರಕ್ತದಲ್ಲಿ ಬರೆಸಿದಳು. ಸತ್ಯ ಹೇಳಿದ ಮಗುವಿಗೆ ಸುಳ್ಳಿನ ಶಿಕ್ಷೆ! ಆ ಒಂದು ವರ್ಷವೇ ವೋಲ್ಡೆಮಾರ್ಟ್‌ಗೆ ಬೇಕಾಗಿದ್ದ ಬಿಡುವು.

1997ರ ಆಗಸ್ಟ್ 1ರಂದು ಸರ್ಕಾರ ಬಿದ್ದಿತು. ಹೊಸ ಸಚಿವನಾದವನು ಅವನ ಸೂತ್ರದ ಬೊಂಬೆ. ಗದ್ದಲವೇನೂ ಆಗಲಿಲ್ಲ, ನೌಕರರು ಎಂದಿನಂತೆ ಕಚೇರಿಗೆ ಬಂದರು, ಕಡತಗಳಿಗೆ ಮುದ್ರೆ ಒತ್ತಿದರು. ಸಾಮಾನ್ಯ ಮನೆಗಳಲ್ಲಿ ಹುಟ್ಟಿದ ಮಾಂತ್ರಿಕರೆಲ್ಲ ನೋಂದಣಿ ಮಾಡಿಸಿ ತಮ್ಮ ರಕ್ತದ ಲೆಕ್ಕ ಒಪ್ಪಿಸಬೇಕೆಂಬ ಆಯೋಗ ರಚನೆಯಾಯಿತು. 1935ರ ಜರ್ಮನಿಯ ನ್ಯೂರೆಂಬರ್ಗ್ ಕಾನೂನುಗಳಡಿ, ಅಜ್ಜ ಅಜ್ಜಿಯರಲ್ಲಿ ಮೂವರು ಅಥವಾ ನಾಲ್ವರು ಯೆಹೂದ್ಯರಾಗಿದ್ದವನು ಪೌರತ್ವದ ಹಕ್ಕನ್ನೇ ಕಳೆದುಕೊಂಡ ಇತಿಹಾಸವನ್ನು ಬಲ್ಲವರಿಗೆ ಈ ಅಧ್ಯಾಯ ಬರಿಯ ಮಕ್ಕಳ ಕಥೆಯಾಗಿ ಕಾಣದು. ಈ ಹೋಲಿಕೆಯನ್ನು ರೌಲಿಂಗ್ ಅವರೂ ಒಪ್ಪಿದ್ದಾರೆ. ಇಪ್ಪತ್ತರ ಹರೆಯದಲ್ಲಿ ಅವರು ಲಂಡನ್ನಿನಲ್ಲಿ 'ಆಮ್ನೆಸ್ಟಿ ಇಂಟರ್‌ನ್ಯಾಷನಲ್' ಎಂಬ ಮಾನವ ಹಕ್ಕುಗಳ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾ, ನಿರಂಕುಶ ರಾಜ್ಯಗಳಿಂದ ಗುಟ್ಟಾಗಿ ಬಂದ ಪತ್ರಗಳನ್ನೂ ಚಿತ್ರಹಿಂಸೆ ಅನುಭವಿಸಿದವರ ಹೇಳಿಕೆಗಳನ್ನೂ ಓದಿದವರು.

ಕೀಳೆಂದವರಿಂದ ಪತನ

ಇನ್ನು ಮೂರನೆಯ ಪ್ರಶ್ನೆ. ಅವನನ್ನು ಕೆಡವಿದ್ದು ಯಾವುದು? ಅವನಿಗಿಂತ ದೊಡ್ಡ ಮಂತ್ರವಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳಲು ಯೋಗ್ಯವಲ್ಲವೆಂದು ಅವನು ಬದಿಗಿಟ್ಟವರು.

ಒಬ್ಬ ಕ್ರೀಚರ್, ಬ್ಲ್ಯಾಕ್ ಮನೆತನದ ಜೀತದ ಕುಬ್ಜ ಸೇವಕ. ಪದಕವನ್ನಿಟ್ಟ ಗುಹೆಯ ವಿಷವನ್ನು ಪರೀಕ್ಷಿಸಲು ವೋಲ್ಡೆಮಾರ್ಟ್ ಅವನಿಗೆ ಅದನ್ನು ಕುಡಿಸಿ, ಸಾಯಲು ಬಿಟ್ಟು ಹೋದ. ಇಂಥವರಿಗೂ ತಮ್ಮದೇ ಆದ ಶಕ್ತಿಯಿದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಕ್ರೀಚರ್ ಬದುಕಿ ಮನೆಗೆ ಮರಳಿದ. ಅವನಿಗಾದ ಅನ್ಯಾಯಕ್ಕೆ ಮನಕರಗಿದ ತರುಣ ಯಜಮಾನ, ಅಲ್ಲಿಯವರೆಗೆ ಮೃತ್ಯುಭಕ್ಷಕನಾಗಿದ್ದವನು, ತನ್ನ ಪ್ರಾಣ ಕೊಟ್ಟು ಪದಕವನ್ನು ಹೊರತೆಗೆಸಿದ. ಹಲವು ವರ್ಷಗಳ ಮೇಲೆ ಆ ಗುಟ್ಟು ಹ್ಯಾರಿಗೆ ತಿಳಿದದ್ದು ಕ್ರೀಚರನ ಬಾಯಿಂದಲೇ.

ಇನ್ನೊಬ್ಬರು ವೃದ್ಧ ಗುರು ಸ್ಲಗ್‌ಹಾರ್ನ್. ಹೊಗಳಿಕೆಗೆ ಮರುಳಾಗಿ ಹುಡುಗ ರಿಡಲ್‌ಗೆ ಹಾರ್‌ಕ್ರಕ್ಸ್‌ನ ವಿಷಯ ಹೇಳಿದವರು. ನಾಚಿಕೆಯಿಂದ ಆ ನೆನಪನ್ನೇ ತಿದ್ದಿ ಮುಚ್ಚಿಟ್ಟವರು. ಐದು ದಶಕಗಳಾದ ಮೇಲೆ ಅವರು ಕಣ್ಣೀರಿಡುತ್ತಾ ನಿಜವಾದ ನೆನಪನ್ನು ಒಪ್ಪಿಸಿದಾಗಲೇ ಶತ್ರುವಿನ ಮರ್ಮ ಬಯಲಾಯಿತು. ತಡವಾದ ನಿವೇದನೆಯೂ ವ್ಯರ್ಥವಲ್ಲ.

ಮತ್ತೊಬ್ಬಳು ನಾರ್ಸಿಸಾ, ಅವನ ಪಾಳೆಯದವಳೇ. ಕಾಡಿನಲ್ಲಿ ನಿರಾಯುಧನಾಗಿ ಸಾವಿಗೆ ಎದೆಯೊಡ್ಡಿ ಬಿದ್ದಿದ್ದ ಹ್ಯಾರಿ ಸತ್ತಿದ್ದಾನೆಯೇ ಎಂದು ನೋಡಲು ಅವಳನ್ನು ಕಳುಹಿಸಿದಾಗ, ತನ್ನ ಮಗ ಬದುಕಿದ್ದಾನೆಂದು ಹ್ಯಾರಿಯಿಂದ ತಿಳಿದು, ಹುಡುಗ ಸತ್ತನೆಂದು ಸುಳ್ಳಾಡಿದಳು. 1981ರಲ್ಲಿ ಒಬ್ಬ ತಾಯಿಯಿಂದ ಸೋತವನು 1998ರಲ್ಲಿ ಇನ್ನೊಬ್ಬ ತಾಯಿಯಿಂದ ಸೋತ. ಹದಿನೇಳು ವರ್ಷಗಳಲ್ಲಿ ಅವನು ಏನನ್ನೂ ಕಲಿತಿರಲಿಲ್ಲ.

1998ರ ಮೇ 2ರ ಮುಂಜಾನೆ ಹಾಗ್ವರ್ಟ್ಸ್‌ನ ಸಭಾಂಗಣದಲ್ಲಿ ಹ್ಯಾರಿ ಅವನನ್ನು ಬಿರುದಿನಿಂದ ಕರೆಯಲಿಲ್ಲ. ತಾಯಿ ಇಟ್ಟ ಹೆಸರಿನಿಂದ ಕರೆದ. ಪಶ್ಚಾತ್ತಾಪಪಡಲು ಯತ್ನಿಸೆಂದು ಕೇಳಿಕೊಂಡ. ಕಥೆಯ ನಿಯಮದಂತೆ ಸೀಳಿದ ಆತ್ಮವನ್ನು ಮತ್ತೆ ಕೂಡಿಸಬಲ್ಲದ್ದು ಅದೊಂದೇ, ಮತ್ತು ಅದರ ನೋವು ಸಾವಿಗಿಂತ ಕಠಿಣ. ರಿಡಲ್ ಒಪ್ಪಲಿಲ್ಲ. ಅವನೆಸೆದ ಕೊಲ್ಲುವ ಮಂತ್ರ ಮತ್ತೊಮ್ಮೆ ಅವನಿಗೇ ತಿರುಗಿತು. ಹ್ಯಾರಿ ಬಳಸಿದ್ದು ಎದುರಾಳಿಯ ಕೈಯಿಂದ ಆಯುಧ ಜಾರಿಸುವ, ಶಾಲಾಮಕ್ಕಳು ಕಲಿಯುವ ಸರಳ ಮಂತ್ರವನ್ನು ಮಾತ್ರ. ಚಲನಚಿತ್ರದಲ್ಲಿ ಅವನ ದೇಹ ಬೂದಿಯ ಚೂರುಗಳಾಗಿ ಗಾಳಿಯಲ್ಲಿ ಹಾರುತ್ತದೆ. ಪುಸ್ತಕದಲ್ಲಿ ಹಾಗಿಲ್ಲ. ಅಲ್ಲಿ ಅದು ಎಲ್ಲ ಮನುಷ್ಯರ ಶವದಂತೆ ನೆಲದ ಮೇಲೆ ಬೀಳುತ್ತದೆ; ಜನ ಅದನ್ನು ಪಕ್ಕದ ಕೋಣೆಗೆ ಒಯ್ದು ಇಡುತ್ತಾರೆ. ಯಾವುದನ್ನು ತಪ್ಪಿಸಲು ಎಪ್ಪತ್ತೊಂದು ವರ್ಷ ಓಡಿದನೋ, ಆ ಸಾಮಾನ್ಯ ಸಾವೇ ಅವನಿಗೆ ಬಂತು.

ನಮ್ಮ ಮನೆಯ ಪ್ರಶ್ನೆ

ಹ್ಯಾರಿಯ ತಂದೆತಾಯಿಗಳ ಸಮಾಧಿಯ ಮೇಲೆ, ಮರಣವೆಂಬ ಕಡೆಯ ವೈರಿಯ ಸೋಲನ್ನು ಕುರಿತು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮಾತನ್ನು ಲೇಖಕಿ ಕೆತ್ತಿಸಿದ್ದಾರೆ. ಡಂಬಲ್‌ಡೋರ್ ಅವರ ತಾಯಿ ಮತ್ತು ತಂಗಿಯ ಸಮಾಧಿಯ ಮೇಲಿರುವುದು ಸಂಪತ್ತು ಮತ್ತು ಹೃದಯದ ಸಂಬಂಧವನ್ನು ಕುರಿತ ಮತ್ತಾಯನ ಶುಭಸಂದೇಶದ ಮಾತು. ಇಡೀ ಮಾಲೆಯ ಆಶಯ ಹೆಚ್ಚುಕಡಿಮೆ ಇವೆರಡರಲ್ಲೇ ಅಡಗಿದೆ ಎಂಬರ್ಥದ ಮಾತನ್ನು ರೌಲಿಂಗ್ 2007ರಲ್ಲಿ ಆಡಿದ್ದರು. ಮರಣವನ್ನು ಗೆಲ್ಲಲು ದಾರಿಗಳು ಎರಡು: ಇನ್ನೊಬ್ಬರ ಪ್ರಾಣ ತೆಗೆಯುವುದು, ಇನ್ನೊಬ್ಬರಿಗಾಗಿ ಪ್ರಾಣ ಕೊಡುವುದು. ಮೊದಲನೆಯದನ್ನು ಹಿಡಿದವನು ಚೂರುಚೂರಾದ. ಎರಡನೆಯದನ್ನು ಹಿಡಿದವರು ಸತ್ತೂ ಉಳಿದರು. ಶಿಲುಬೆಯನ್ನು ನೋಡುತ್ತಾ ಬೆಳೆದ ನಮಗೆ ಇದು ಹೊಸ ಪಾಠವಲ್ಲ.

ಆದರೆ ಎರಡನೆಯ ಪ್ರಶ್ನೆ ಇನ್ನೂ ಬಾಕಿಯಿದೆ. ಸುತ್ತಲಿನವರು ಏನು ಮಾಡುತ್ತಿದ್ದರು? ಹೆಸರೆತ್ತಲು ಅಂಜಿದರು, ಸತ್ಯ ಹೇಳಿದ ಮಗುವನ್ನು ನಂಬಲಿಲ್ಲ, ಶಂಕಿಸಲು ಸುಲಭರಾದವರನ್ನು ಶಿಕ್ಷಿಸಿದರು. ಇವುಗಳಲ್ಲಿ ಯಾವುದಕ್ಕೂ ಮಂತ್ರದಂಡ ಬೇಕಿಲ್ಲ. ಮನೆಯಲ್ಲಿ ಒಂದು ಉಂಗುರ ಕಾಣೆಯಾದಾಗ ನಮ್ಮ ಕಣ್ಣು ಮೊದಲು ಹೋಗುವುದು ಮನೆಗೆಲಸಕ್ಕೆ ಬರುವ ಹೆಂಗಸಿನ ಕಡೆಗಲ್ಲವೇ? ತರಗತಿಯಲ್ಲಿ ಗಾಜು ಒಡೆದರೆ ಮೊದಲು ಎದ್ದು ನಿಲ್ಲಬೇಕಾದವನು ಹರಕು ಅಂಗಿಯ ಹುಡುಗನಲ್ಲವೇ?

ನಿಮ್ಮ ಮಗ ಅಥವಾ ಮಗಳು ಈ ಪುಸ್ತಕ ಓದುತ್ತಿದ್ದರೆ ಹತ್ತಿರ ಕುಳಿತು ಒಂದೇ ಒಂದು ಮಾತು ಕೇಳಿ: ಹ್ಯಾಗ್ರಿಡ್‌ನೇ ತಪ್ಪಿತಸ್ಥನೆಂದು ಅವರೆಲ್ಲ ಅಷ್ಟು ಬೇಗ ನಂಬಿದ್ದು ಏಕೆ? ಮಗು ಕೊಡುವ ಉತ್ತರವನ್ನು ತಾಳ್ಮೆಯಿಂದ ಕೇಳಿಸಿಕೊಳ್ಳಿ. ಅದು ಹಾಗ್ವರ್ಟ್ಸ್‌ನ ಬಗೆಗೆ ಮಾತ್ರ ಇರಲಿಕ್ಕಿಲ್ಲ.